ಸೋಮವಾರದ ನೀರು

೧೬ ನವೆಂಬರ್ ೨೦೦೫, ಬುಧವಾರ

ಈ ಡೈರಿ ಕಂಪನಿ ಕೊಟ್ಟದ್ದು. ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ‘ಸಿರಿಗಣಕ, ಹುಬ್ಬಳ್ಳಿ’ ಎಂದು ಅಚ್ಚಾಗಿದೆ. ಹೋದ ವರ್ಷದ ರಂಜಾನಿನಲ್ಲಿ ಕಂಪನಿಯಲ್ಲಿ ನಾವು ಇದ್ದದ್ದೇ ಹನ್ನೊಂದು ಜನ. ಮದುವೆ ಮಂಟಪದ ಮೇಲಿನ ಮಹಡಿ ನಮ್ಮ ಆಫೀಸು. ಕೆಳಗೆ ಬ್ಯಾಂಡು ಬಾರಿಸುತ್ತಿದ್ದರೆ ಮೇಲೆ ಪ್ರೋಗ್ರಾಂ ಬರೆಯುತ್ತಿದ್ದೆವು. ಈ ರಂಜಾನ್ ಮುಗಿಯುವಾಗ ನೂರಾ ಆರು ಜನ. ಮಂಟಪವನ್ನೇ ಕೊಂಡುಬಿಟ್ಟಿದ್ದೇವೆ. ವಧೂವರರು ಕೂರುತ್ತಿದ್ದ ವೇದಿಕೆಯ ಮೇಲೆ ಈಗ ಸರ್ವರ್ ಕೂತಿದೆ, ಕಂಪನಿ ಕಟ್ಟಿದ ಚೇತನಕುಮಾರ ಸರ್ ಅದನ್ನು ‘ಮದುಮಗ’ ಎಂದೇ ಕರೆಯುತ್ತಾರೆ. ಪ್ರತಿ ಸೋಮವಾರ ಮದುಮಗನ ಮುಂದೆ ಮೀಟಿಂಗ್, ಎಲ್ಲೇ ಇದ್ದರೂ ಆ ದಿನ ಹುಬ್ಬಳ್ಳಿಗೆ ಹೋಗಲೇಬೇಕು. ವಾರವಾರವೂ ಹೊಸ ಮುಖಗಳು, ಅರ್ಧ ಜನರ ಹೆಸರೇ ನನಗೆ ಗೊತ್ತಿಲ್ಲ. ಇಷ್ಟು ಬೇಗ ಏನಾದರೂ ಬೆಳೆಯುವುದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ನಾನು ಬರೆದ ಪ್ರೋಗ್ರಾಮಿನ ಹೆಸರು ನೀರಗಣಕ. ಕಾಲುವೆಯ ಯಾವ ತೂಬಿಗೆ ಯಾವ ದಿನ ಎಷ್ಟು ತಾಸು ನೀರು ಎಂದು ಅದು ಲೆಕ್ಕ ಹಾಕಿ ಪಾಳಿ ಮಾಡಿಕೊಡುತ್ತದೆ. ಮೊದಲ ಪರೀಕ್ಷೆ ಇಲ್ಲಿ, ನಾಲತವಾಡದ ಕಡೆಯ ಒಂದು ಕಿರುಗಾಲುವೆಯಲ್ಲಿ, ಅದಕ್ಕೇ ಇಲ್ಲಿ ಬಂದು ಇಳಿದಿದ್ದೇನೆ. ಹದಿನೆಂಟು ತೂಬು. ಡಿಸೆಂಬರ್ ೨೯ಕ್ಕೆ ಕಾಲುವೆ ಕಚೇರಿಯ ಸಾಹೇಬರ ಮುಂದೆ ತೋರಿಸಬೇಕು. ಅವರು ಒಪ್ಪಿದರೆ ಇನ್ನೂ ಐದು ಕಾಲುವೆ ನಮಗೆ, ಟೀಂ ಲೀಡ್ ಹುದ್ದೆ ನನಗೆ. ಇಪ್ಪತ್ತಾರನೇ ವಯಸ್ಸಿಗೆ! ಇಂಡಿಯ ಕುತುಬುದ್ದೀನ ಮಿಸ್ತ್ರಿಯ ಮಗಳು ಅಬಿದಾ, ಟೀಂ ಲೀಡ್. ಬರೆದು ನೋಡಿದೆ, ಚೆನ್ನಾಗಿ ಕಾಣುತ್ತದೆ. ಇನ್ನು ನಲವತ್ತಮೂರು ದಿನ.

ಸಂಜೆ ಕಾಲುವೆ ನೋಡಲು ಹೋದೆ. ನನ್ನ ಪರದೆಯ ಮೇಲೆ ಅದು ಒಂದು ನೀಲಿ ಗೆರೆ. ಎದುರು ನಿಂತು ನೋಡಿದರೆ ಬೇರೆಯೇ. ಕಿಲೋಮೀಟರಿಗೆ ಒಂದು ಗೇಣು ಇಳಿಜಾರಂತೆ. ನನ್ನ ಕಣ್ಣಿಗೆ ನೆಲ ಸಪಾಟಾಗಿಯೇ ಕಂಡಿತು. ನೀರಿಗೆ ಮಾತ್ರ ಆ ಒಂದು ಗೇಣು ಗೊತ್ತು, ಅದು ಸದ್ದಿಲ್ಲದೆ ಹೋಗುತ್ತಲೇ ಇತ್ತು.

೧೮ ನವೆಂಬರ್, ಶುಕ್ರವಾರ

ಗೇಟು ಕಾಯುವವನ ಹೆಸರು ಹಣಮಂತ್ರಾಯ. ಐವತ್ತು ದಾಟಿದೆ, ಖಾಕಿ ಅಂಗಿ, ಕೆಳಗೆ ಧೋತರ. ನಾನು ನೀರಿನ ವೇಗ ಅಳೆಯುವ ಮೀಟರ್ ಇಳಿಬಿಟ್ಟು ಕೂತಿದ್ದಾಗ ಬಂದು ಇಣುಕಿ ನೋಡಿದ.

“ಬಾಯಾರ, ನೀರ ನೋಡಾಕ ಪೆಟ್ಟಿಗಿ ಯಾಕ ಬೇಕ್ರಿ? ಕಡ್ಡಿ ಒಗೀರಿ, ಅದರ ಜೋಡಿ ನಡೀರಿ.”

ಜೋಳದ ದಂಟಿನ ಚೂರೊಂದನ್ನು ಎಸೆದು ದಂಡೆಯ ಮೇಲೆ ಅದರ ಸಮಕ್ಕೆ ನಡೆದ. ಇಪ್ಪತ್ತು ಹೆಜ್ಜೆ ಹೋಗಿ ತಿರುಗಿ, “ನಿನ್ನಿಗಿಂತ ನಾಕ ಬಟ್ಟ ಕಮ್ಮಿ ಐತ್ರಿ,” ಎಂದ. ನಾನು ನಕ್ಕೆ. ಆಮೇಲೆ ನೀರಿನ ಮಟ್ಟ ತೋರಿಸುವ ಗೇಜ್ ಕಲ್ಲಿನ ಹತ್ತಿರ ಹೋಗಿ ನೋಡಿದರೆ ನಿನ್ನೆಗಿಂತ ಏಳು ಸೆಂಟಿಮೀಟರ್ ಕಡಿಮೆ. ನಾಲ್ಕು ಬೆರಳು ಇಟ್ಟು ನೋಡಿದೆ. ಏಳೇ! ಮೂವತ್ತೆಂಟು ಸಾವಿರ ರೂಪಾಯಿಯ ಮೀಟರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ನಗು ಆಗಲೇ ಬಂದಿದ್ದರಿಂದ ಮತ್ತೆ ಬರಲಿಲ್ಲ.

೨೩ ನವೆಂಬರ್, ಬುಧವಾರ

ಮೂರು ವರ್ಷದ ಗೇಜ್ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕಿ ಮುಗಿಸಿದೆ. ಹಣಮಂತ್ರಾಯನ ಅಕ್ಷರ ಮುತ್ತಿನಂತಿದೆ. ಆದರೆ ಒಂದು ವಿಚಿತ್ರ. ಪ್ರತಿ ಸೋಮವಾರ ಹದಿನೆಂಟೂ ತೂಬುಗಳ ಮುಂದೆ ಸೊನ್ನೆ. ನೂರಾ ಐವತ್ತಕ್ಕಿಂತ ಹೆಚ್ಚು ಸೋಮವಾರ, ಒಂದೂ ತಪ್ಪಿಲ್ಲ. ಗೇಟಿನವರ ವಾರದ ರಜೆ ಇರಬೇಕು, ತೂಬು ಮುಚ್ಚಿ ಮನೆಗೆ ಹೋಗುತ್ತಾರೆ ಎಂದುಕೊಂಡೆ. ಕಾಲುವೆಯಲ್ಲಿ ಮಾತ್ರ ಆ ದಿನವೂ ನೀರು ತುಂಬಿ ಹರಿಯುತ್ತಿರುತ್ತದೆ, ಯಾರಿಗೂ ಬೇಡದ ನೀರು.

ಪ್ರೋಗ್ರಾಂ ಓಡಿಸಿದೆ. ಎರಡು ಸೆಕೆಂಡ್. ಪರದೆಯ ಮೇಲೆ ಬಂತು: ಸೋಮವಾರ ಬೇಡಿಕೆ ಇಲ್ಲ, ಕಾಲುವೆ ಮುಚ್ಚಬಹುದು, ಏಳರಲ್ಲಿ ಒಂದು ಭಾಗ ಉಳಿತಾಯ.

ಮೈ ಜುಮ್ಮೆಂದಿತು. ಇದನ್ನು ನಾನು ಅದಕ್ಕೆ ಹೇಳಿಕೊಟ್ಟಿರಲಿಲ್ಲ, ತಾನೇ ಕಂಡುಕೊಂಡಿತು! ಇಷ್ಟು ವರ್ಷ ಇಷ್ಟೊಂದು ದೊಡ್ಡ ದೊಡ್ಡ ಎಂಜಿನಿಯರುಗಳ ಕಣ್ಣಿಗೆ ಬೀಳದ್ದು ನನ್ನ ಎರಡು ಸೆಕೆಂಡಿಗೆ ಬಿತ್ತು. ಚೇತನಕುಮಾರ ಸರ್‌ಗೆ ಫೋನ್ ಮಾಡಿದೆ. “ಅಬಿದಾ, ಇದು ಪ್ರೋಗ್ರಾಂ ಅಲ್ಲವ್ವಾ, ಪವಾಡ,” ಎಂದರು.

೨೯ ನವೆಂಬರ್, ಮಂಗಳವಾರ

ನಿನ್ನೆಯ ಮೀಟಿಂಗಿನಲ್ಲಿ ನೂರಾ ಹದಿನೆಂಟು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಾಹೇಬರು ಪರೀಕ್ಷೆಗೆಂದು ಆದೇಶ ಹೊರಡಿಸಿದ್ದಾರೆ: ಡಿಸೆಂಬರ್ ಐದರಿಂದ ಸೋಮವಾರ ಕಾಲುವೆ ಬಂದ್. ನಾನು ಬರೆದ ಒಂದು ಸಾಲಿಗೆ ಒಂದು ಕಾಲುವೆ ನಿಲ್ಲುತ್ತದೆ. ಅಲ್ಲಾ, ಕೈ ನೋಡಿಕೊಂಡರೆ ನನ್ನದೇ ಎನ್ನಿಸುವುದಿಲ್ಲ.

೬ ಡಿಸೆಂಬರ್, ಮಂಗಳವಾರ

ಮೊದಲ ಬಂದ್ ನಿನ್ನೆ ಆಯಿತು. ನಾನು ಹುಬ್ಬಳ್ಳಿಯಲ್ಲಿದ್ದೆ. ಹಣಮಂತ್ರಾಯನನ್ನು ಕೇಳಿದೆ, ಏನೂ ತೊಂದರೆಯಾಗಲಿಲ್ಲವಲ್ಲ?

“ಕಾಗದ ಬಂತು, ಮುಚ್ಚಿದೆರಿ,” ಎಂದ. ಮುಖ ನೋಡಲಿಲ್ಲ. ರಜೆಯ ದಿನ ಗೇಟು ಮುಚ್ಚಲು ಬರಬೇಕಾಯಿತೆಂದು ಸಿಟ್ಟೇನೋ.

೧೩ ಡಿಸೆಂಬರ್, ಮಂಗಳವಾರ

ಎರಡನೇ ಸೋಮವಾರ. ಉಳಿತಾಯದ ಪಟ್ಟಿ ಏರುತ್ತಿದೆ. ಇನ್ನು ಹದಿನಾರು ದಿನ.

೨೦ ಡಿಸೆಂಬರ್, ಮಂಗಳವಾರ

ಇಂದು ಬಸಂತರಾಯ ಎನ್ನುವವರು ಕಾಲುವೆ ಕಚೇರಿಗೆ ಬಂದು ಕೂಗಾಡಿದರು. ಒಂದನೇ ತೂಬಿನವರು, ನೀರು ಬಳಸುವ ರೈತರ ಸಂಘದ ಅಧ್ಯಕ್ಷರು. ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ, ಹಣೆ ತುಂಬ ವಿಭೂತಿ, ಸಿಟ್ಟಿಗೆ ಆ ವಿಭೂತಿಯೂ ಬಿರುಕು ಬಿಟ್ಟಿತ್ತು.

“ಏನವಾ, ನಿನ್ನ ಮಷೀನ ನನ್ನ ಮಂಗಳಾರ ನುಂಗಾಕತ್ತೈತಲ್ಲ! ಮೊದಲ ಹೊತ್ತ ಹೊಂಡೂದ್ರಾಗ ನೀರ ಬರ್ತಿತ್ತು. ಈಗ ಮೂರ ವಾರ ಆತು, ಹೊತ್ತ ಹೊಳ್ಳಿದ ಮ್ಯಾಲೆ ಬರಾಕತ್ತೈತಿ. ನನ್ನ ಪಾಳಿ ಅರ್ಧಾ ಹೋತು!”

ಅವರು ಹೇಳಿದ್ದು ಸರಿ. ಸೋಮವಾರ ಬರಿದಾದ ಕಾಲುವೆ ಮಂಗಳವಾರ ಮತ್ತೆ ತೂಬಿನ ಮಟ್ಟಕ್ಕೆ ತುಂಬಿಕೊಳ್ಳಲು ಅರ್ಧ ದಿನ ಬೇಕು. ನಾನು ಅದನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ! ಪರದೆಯ ಗೆರೆಯೊಳಗೆ ನೀರು ಗುಂಡಿ ಒತ್ತಿದ ಕೂಡಲೇ ತುಂಬುತ್ತದೆ, ಮಣ್ಣಿನೊಳಗೆ ತುಂಬುವುದಿಲ್ಲ. ಒಂಬತ್ತು ದಿನದಲ್ಲಿ ಸರಿಪಡಿಸಬೇಕು. ನಾಳೆ ಕಾಲುವೆಯ ತುದಿಯವರೆಗೂ ನಡೆದು ನೋಡಿ ಬರುತ್ತೇನೆ ಎಂದಾಗ ಹಣಮಂತ್ರಾಯ, “ತುದಿಗಿ ಯಾಕ್ರಿ ಬಾಯಾರ, ಅಲ್ಲೇನೂ ಇಲ್ಲರಿ,” ಎಂದ.

೨೧ ಡಿಸೆಂಬರ್, ಬುಧವಾರ

ಇಂದಿನದನ್ನು ನಿಧಾನವಾಗಿ ಬರೆಯಬೇಕು.

ಹದಿನೆಂಟನೇ ತೂಬು ದಾಟಿದ ಮೇಲೆ ನಕ್ಷೆಯಲ್ಲಿ ಕಾಲುವೆ ಮುಗಿಯುತ್ತದೆ. ನೆಲದ ಮೇಲೆ ಮುಗಿಯುವುದಿಲ್ಲ. ಇನ್ನೂ ಅರ್ಧ ಕಿಲೋಮೀಟರ್ ಹೋಗಿ, ಅಲ್ಲೊಂದು ತೂಬು ಇದೆ. ಕಲ್ಲು, ಸಿಮೆಂಟು, ತಗಡಿನ ಬಾಗಿಲು, ಎಲ್ಲ ಜನರೇ ಮಾಡಿಕೊಂಡದ್ದು. ಅದರಾಚೆ ಬಿಳಿಜೋಳದ ಹೊಲ. ಮೇಲಿನ ಹೊಲಗಳಲ್ಲಿ ಜೋಳ ನನ್ನ ತಲೆಗಿಂತ ಎತ್ತರ ನಿಂತಿದೆ. ಇಲ್ಲಿ ಎಲೆ ಸುರುಳಿ ಸುತ್ತಿಕೊಂಡು, ಮುಟ್ಟಿದರೆ ಸದ್ದು ಮಾಡುತ್ತಿತ್ತು.

ಹೊಲದಲ್ಲಿ ಒಬ್ಬ ಮುದುಕಿ ಇದ್ದಳು. ಹುಲಿಗೆವ್ವ. ಊರು ಹೊಸ ಕಲ್ಲಾಪುರ, ಮೂವತ್ತನಾಲ್ಕು ಮನೆ. ಹಳೆಯ ಊರು ಹಿನ್ನೀರಿಗೆ ಹೋದಾಗ ಇವರನ್ನು ತಂದು ಇಲ್ಲಿ ಇಳಿಸಿ, ಕಾಲುವೆ ಮುಗಿದ ಮೇಲಿನ ಜಮೀನು ಕೊಟ್ಟರಂತೆ.

“ಯಾರಬೇ ನೀನು, ಸರ್ವೇದಾಕಿ ಏನು?”

ನಿಮ್ಮ ತೂಬಿನ ನಂಬರ್ ಎಷ್ಟು ಎಂದು ಕೇಳಿದೆ. ಮೊದಲು ಬಾಯಿಗೆ ಬಂದದ್ದೇ ಅದು.

“ನಂಬರ ಇದ್ದವರು ಮ್ಯಾಲ ಅದಾರ. ನಾವು ಸೋಮಾರದವರು.”

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. “ಸೋಮಾರ ಬಸವಣ್ಣನ ದಿನ ಅಲ್ಲೇನಬೇ, ಮ್ಯಾಲಿನವರು ಎತ್ತ ಹೂಡಂಗಿಲ್ಲ. ಎತ್ತ ಹೂಡದ ದಿನ ನೀರ ಬಿಟ್ಕೊಂಡು, ಬದು ಒಡೀತಂದ್ರ ಬಂಡೀಲೆ ಮಣ್ಣ ಹ್ಯಾಂಗ ಹೇರತಾರ? ಅದಕ್ಕ ಅವತ್ತ ಎಲ್ಲಾರೂ ತೂಬ ಮುಚ್ಚತಾರ. ಆ ನೀರ ಇಲ್ಲಿತನಾ ಬರತೈತಿ. ವಾರಕ್ಕ ಒಂದ ದಿನ, ಅದ ನಮ್ಮ ನೀರ. ಈಗ ಮೂರ ಸೋಮಾರ ಆತು, ಬಂದಿಲ್ಲ. ಜ್ವಾಳ ಹೊಡಿಗಿ ಬಂದೈತಿ, ಈಗ ನೀರ ಸಿಗಲಿಲ್ಲಂದ್ರ ತೆನಿ ಹೊರಗ ಬರಂಗಿಲ್ಲ.”

ಜೊತೆಗೆ ಬಂದಿದ್ದ ಹಣಮಂತ್ರಾಯ ನನ್ನ ಹಿಂದೆ ನಿಂತಿದ್ದ. ತಿರುಗಿ ನೋಡಿದೆ. ಅವನ ಕಣ್ಣಲ್ಲಿ ನೀರಿತ್ತು.

“ನಂಬರಿಲ್ಲದ ತೂಬಿಗೆ ನೀರ ಹೋಗೂದು ಗೊತ್ತಿದ್ದೂ ಸುಮ್ಮನಿದ್ದೆ ಅಂದ್ರ ನನ್ನ ನೌಕರಿ ಹೋಗತೈತ್ರಿ. ಕಾಗದ ಬಂದಾಗ, ಇದು ಗೊತ್ತಾಗೇ ಮುಚ್ಚಿಸ್ಯಾರ ಅಂತ ತಿಳದ್ನಿರಿ.”

ಮುಚ್ಚಿಸಿದವಳು ನಾನು ಎಂದು ಹುಲಿಗೆವ್ವನಿಗೆ ಹೇಳಬೇಕಾಯಿತು. ಹೇಳಿದೆ.

“ನಾ ನಿನಗೇನ ಮಾಡಿದ್ನೆವ್ವಾ?”

“ಏನೂ ಮಾಡಿಲ್ಲ ಆಯಿ. ನಿಮಗ ನಂಬರಿಲ್ಲಲ್ಲ, ನನ್ನ ಮಷೀನಿಗೆ ನೀವು ಕಾಣಲೇ ಇಲ್ಲ.”

“ಹಂಗಾದ್ರ ಕಾಣೂಹಂಗ ಮಾಡು,” ಎಂದಳು. ಬೈಯಲಿಲ್ಲ, ಅಳಲಿಲ್ಲ. ಹೊತ್ತಾಗೇತಿ ಎಂದು ಗಂಟು ಬಿಚ್ಚಿ ನಮ್ಮಿಬ್ಬರಿಗೂ ರೊಟ್ಟಿ ಪುಂಡಿಪಲ್ಯೆ ಕೊಟ್ಟಳು. ನಾನು ತಿಂದೆ. ಹೇಗೆ ತಿಂದೆನೋ ಗೊತ್ತಿಲ್ಲ.

ಅವಳ ಮನೆಯವರೆಗೂ ಹೋಗಿದ್ದೆ. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಮೂವತ್ತನಾಲ್ಕು ಮನೆಯವರು ಏಳು ವರ್ಷದಿಂದ ವಾರಕ್ಕೊಂದು ದಿನದ ನೀರಿನಲ್ಲಿ ಅರವತ್ತೆರಡು ಎಕರೆ ಬೆಳೆದಿದ್ದಾರೆ. ಸೋಮವಾರ ಮಕ್ಕಳು ಮುದುಕರೆಲ್ಲ ಸಲಿಕೆ ಹಿಡಿದು ಹೊಲದಲ್ಲೇ. ಯಾವ ಹೊಲಕ್ಕೆ ಎಷ್ಟು ಹೊತ್ತು ಎಂದು ನೆರಳು ನೋಡಿ ಹಂಚಿಕೊಳ್ಳುತ್ತಾರೆ, ಏಳು ವರ್ಷದಲ್ಲಿ ಒಂದು ಜಗಳವಿಲ್ಲವಂತೆ. ಒಂದು ಸಾಲೂ ಎಲ್ಲೂ ಬರೆದಿಲ್ಲ. ಇಂಥದ್ದನ್ನು ಮಾಡಲು ನನಗೆ ಹನ್ನೊಂದು ತಿಂಗಳು ಹಿಡಿಯಿತು, ಮಾಡಿದ್ದೂ ತಪ್ಪು.

೨೨ ಡಿಸೆಂಬರ್, ಗುರುವಾರ

ಸೋಮವಾರದ ವಿಷಯ ನನಗೆ ಮೊದಲೇ ಗೊತ್ತಿತ್ತು. ಇದೇ ನುಂಗಲಾಗದ ತುತ್ತು. ಅಬ್ಬಾ ಬಂಡಿಗಾಲಿಗೆ ಕಬ್ಬಿಣದ ಪಟ್ಟಿ ಹಾಕುವ ಮಿಸ್ತ್ರಿ. ಭಾನುವಾರ ಸಂಜೆ ರೈತರು ಬಂಡಿ ತಂದು ಬಿಟ್ಟು, ಎತ್ತು ಬಿಚ್ಚಿಕೊಂಡು ಹೋಗುತ್ತಿದ್ದರು. ಮಂಗಳವಾರ ನಸುಕಿಗೆ ಬಂಡಿ ಬೇಕು. ಸೋಮವಾರ ಅಬ್ಬಾ ಊಟಕ್ಕೂ ಮನೆಗೆ ಬರುತ್ತಿರಲಿಲ್ಲ, ನಾನೇ ಡಬ್ಬಿ ಒಯ್ಯುತ್ತಿದ್ದೆ. ನನ್ನ ಎಂಜಿನಿಯರಿಂಗ್ ಫೀಜು ಆ ಸೋಮವಾರಗಳಿಂದ ಬಂದದ್ದು. ನಮ್ಮ ಇಂಡಿಯಿಂದ ಬಾಗೇವಾಡಿಯವರೆಗೆ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ಸೋಮವಾರ ಎತ್ತು ಹೂಡುವುದಿಲ್ಲ ಎಂದು. ನೂರೈವತ್ತು ಸೋಮವಾರದ ಸೊನ್ನೆ ನೋಡಿ ನನಗೆ ರಜೆ ನೆನಪಾಯಿತು, ಎತ್ತು ನೆನಪಾಗಲಿಲ್ಲ. ಓದಿದ ಮುಕ್ಕ ಎಂದರೆ ನಾನೇ.

೨೪ ಡಿಸೆಂಬರ್, ಶನಿವಾರ

ಚೇತನಕುಮಾರ ಸರ್‌ಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಸಮಾಧಾನದಿಂದಲೇ ಕೇಳಿದರು.

“ಅಬಿದಾ, ರಜಿಸ್ಟರದಾಗ ಇಲ್ಲದ ತೂಬು ನಮ್ಮ ಪ್ರೋಗ್ರಾಂದಾಗ ಹೆಂಗ ಬರತೈತಿ? ನಮ್ಮ ಲೆಕ್ಕ ಸರಿ ಐತಿ. ಇಪ್ಪತ್ತೊಂಬತ್ತ ದಾಟಲಿ, ಆಮ್ಯಾಲ ನೋಡೂಣು.”

“ಅಷ್ಟರಾಗ ಜೋಳ ಒಣಗತೈತ್ರಿ ಸರ್.”

“ಈ ಒಪ್ಪಿಗಿ ನಂಬಿ ಅರವತ್ತ ಹುಡುಗರಿಗೆ ನೌಕರಿ ಆರ್ಡರ ಕಳಿಸೇನವಾ. ಅವರದೂ ಹೊಟ್ಟಿ ಅಲ್ಲೇನು?”

ಹೌದು, ಅವರದೂ ಹೊಟ್ಟೆಯೇ. ಸೋಮವಾರದ ಮೀಟಿಂಗಿಗೆ ಬರುವುದಿಲ್ಲ, ಇಲ್ಲಿ ಕೆಲಸವಿದೆ ಎಂದೆ. ಕೆಲಸಕ್ಕೆ ಸೇರಿದ ಮೇಲೆ ಅವರಿಗೆ ನಾನು ಇಲ್ಲ ಎಂದದ್ದು ಇದೇ ಮೊದಲು.

ಮಧ್ಯಾಹ್ನ ಹೊಸ ಕಲ್ಲಾಪುರಕ್ಕೆ ಹೋಗಿ, ಹೇಗಾದರೂ ಮಾಡಿ ಮೊದಲಿನ ಹಾಗೆ ಸೋಮವಾರ ನೀರು ಬಿಡಿಸುತ್ತೇನೆ ಆಯಿ ಎಂದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

“ಮೊದಲಿನಂಗ ಬ್ಯಾಡ. ಇವತ್ತ ಗೊತ್ತಿಲ್ಲದ ನೀ ಮುಚ್ಚಿಸಿದಿ, ನಾಳಿ ಗೊತ್ತಿದ್ದ ಇನ್ನೊಬ್ಬ ಮುಚ್ಚಿಸ್ತಾನ. ಮಂದಿ ಬಿಟ್ಟದ್ದ ಹಿಡದ ಹಿಡದ ನನಗ ಸಾಕಾಗೈತಿ. ನಮ್ಮ ಹೆಸರ ಬರಕೊಡು.”

ಒಣಗುತ್ತಿರುವ ಹೊಲದ ನಡುವೆ ನಿಂತು ಹಾಗೆ ಹೇಳುವ ಗುಂಡಿಗೆ ನನಗೆ ಎಲ್ಲಿಂದ ಬರಬೇಕು?

೨೬ ಡಿಸೆಂಬರ್, ಸೋಮವಾರ

ಇಲ್ಲಿಗೆ ಬಂದು ಆರು ವಾರ, ಸೋಮವಾರ ನೋಡಿದ್ದು ಇಂದೇ. ಊರ ತುಂಬ ಎತ್ತುಗಳು ಮಿಂದು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ನೆರಳಿಗೆ ಮಲಗಿದ್ದವು. ನೊಗಗಳೆಲ್ಲ ಗೋಡೆಗೆ ಒರಗಿದ್ದವು. ಇಷ್ಟು ದೊಡ್ಡ ಸೀಮೆಯಲ್ಲಿ ಒಬ್ಬನೂ ಆ ದಿನ ನೊಗ ಮುಟ್ಟುವುದಿಲ್ಲ. ಯಾರೂ ಆದೇಶ ಹೊರಡಿಸಿಲ್ಲ, ಯಾರೂ ತಪಾಸಣೆಗೆ ಬರುವುದಿಲ್ಲ. ಬಾಯಿಲ್ಲದ ಪ್ರಾಣಿಗೆ ವಾರಕ್ಕೊಂದು ದಿನ ಕೊಟ್ಟ ಮಾತು, ಎಷ್ಟು ತಲೆಮಾರಿನಿಂದಲೋ ನಡೆದಿದೆ. ನೋಡುತ್ತ ನಿಂತವಳಿಗೆ ಬಂದ ಕೆಲಸವೇ ಮರೆತುಹೋಗಿತ್ತು.

ಬಸಂತರಾಯರು ಮನೆಯ ಕಟ್ಟೆಯ ಮೇಲೆ ಕೂತು ಎತ್ತಿನ ಕೋಡಿಗೆ ಎಣ್ಣೆ ಹಚ್ಚುತ್ತಿದ್ದರು. ಹಣಮಂತ್ರಾಯ ಕಾಕಾ ಜೊತೆಗಿದ್ದರು. ಇಂಡಿಯ ಬಂಡಿ ಮಿಸ್ತ್ರಿಯ ಮಗಳು ಎಂದು ಗುರುತು ಹೇಳಿಕೊಂಡು, ವಿಷಯ ಹೇಳಿದೆ.

“ತುದಿಯವರು ಆ ನೀರ ಹಿಡೀತಿದ್ದದ್ದು ನಮಗೇನ ಗೊತ್ತಿಲ್ಲೇನವಾ? ಹಿಡೀಲಿ. ಆದರ ಬರದ ಕೊಡಂದ್ರ ಆಗೂದಿಲ್ಲ. ಇವತ್ತ ಒಂದ ದಿನ ಬರದ ಕೊಡ್ತೀವಿ, ನಾಳಿ ನಾಕ ದಿನ ಕೇಳತಾರ.”

“ಹಂಗಾದ್ರ ನಿಮ್ಮ ಮಂಗಳಾರದ ಮುಂಜಾನೆ ನೀರೂ ಬರಂಗಿಲ್ಲರಿ ಕಾಕಾ. ಸೋಮಾರ ಕಾಲಿವಿ ಹರಿದ್ರ ಅಷ್ಟ ಮಂಗಳಾರ ಮುಂಜಾನೆ ನಿಮಗ ನೀರ. ತುದಿಗಿ ನಂಬರಿನ ತೂಬಿದ್ರ ಅಷ್ಟ ಸೋಮಾರ ಕಾಲಿವಿ ಬಿಡಾಕ ಬರತೈತಿ ಅಂತಾರ ಸಾಹೇಬರು. ಮೊನ್ನಿ ಕೇಳಿಕೊಂಡ ಬಂದೇನಿ.”

ಎಣ್ಣೆ ಹಚ್ಚುವ ಕೈ ನಿಂತಿತು. “ನೀ ಮಿಸ್ತ್ರಿ ಮಗಳ ಖರೆ ನೋಡು. ಸಂದ ನೋಡೇ ಹೊಡೀತಿ,” ಎಂದರು. ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ.

೨೯ ಡಿಸೆಂಬರ್, ಗುರುವಾರ

ಕಾಲುವೆ ಕಚೇರಿ. ಗೋಡೆಗೆ ಬಿಳಿ ಬಟ್ಟೆ, ಅದರ ಮೇಲೆ ನೀರಗಣಕ. ಸಾಹೇಬರು, ಚೇತನಕುಮಾರ ಸರ್, ಸಂಘದವರು, ಮುಂದುಗಡೆ ಬಸಂತರಾಯರು. ಹಿಂದೆ ಬಾಗಿಲ ಹತ್ತಿರ ಹುಲಿಗೆವ್ವ ಆಯಿ. ಒಳಗೆ ಬಂದು ಕೂರೆಂದರೆ, ಹೆಸರು ಕರೆಯಲಿ ಬರ್ತೇನಿ ಎಂದಳು.

ಉಳಿತಾಯದ ಪಟ್ಟಿ ತೋರಿಸಿದೆ. ಎಲ್ಲರೂ ತಲೆದೂಗಿದರು. ಚೇತನಕುಮಾರ ಸರ್ ನನ್ನ ಕಡೆ ನೋಡಿ ನಕ್ಕರು, ಅಲ್ಲಿಗೆ ನಿಲ್ಲಿಸು ಎಂದು. ನಿಲ್ಲಿಸಬಹುದಿತ್ತು.

“ಇದು ತಪ್ಪು ಲೆಕ್ಕರಿ. ನಾನು ಮಾಡಿದ ತಪ್ಪು,” ಎಂದೆ. ತುದಿಯ ತೂಬು, ಒಣಗಿದ ಜೋಳ, ಮಂಗಳವಾರದ ತಡ, ಎಲ್ಲವನ್ನೂ ಹೇಳಿದೆ. ಸಾಹೇಬರು, ಆ ತೂಬಿಗೆ ನೀರು ಹೋಗುವುದು ಇಲ್ಲಿ ಯಾರಿಗೆ ಗೊತ್ತಿತ್ತು ಎಂದು ಕೇಳಿದರು. ಹಣಮಂತ್ರಾಯ ಕಾಕಾ ಎದ್ದು ನಿಂತರು. ಖಾಕಿ ಅಂಗಿಯ ಗುಂಡಿಯನ್ನು ಹಿಡಿದುಕೊಂಡಿದ್ದರು.

“ನನಗ ಗೊತ್ತಿತ್ತರಿ ಸಾಹೇಬ್ರ. ಏಳ ವರ್ಷ ನೋಡೇನಿ. ಬರೀಲಿಲ್ಲ. ಶಿಕ್ಷಾ ಕೊಡ್ರಿ.”

ಸಾಹೇಬರು ಪೆನ್ನು ಮುಚ್ಚಿ, ಮತ್ತೆ ತೆರೆದು, “ಮೊದಲು ತೂಬಿನ ವಿಷಯ ಮುಗಿಸೋಣ,” ಎಂದರು. ಸಂಘ ಒಪ್ಪಿದರೆ ಹತ್ತೊಂಬತ್ತನೇ ನಂಬರ್ ಕೊಟ್ಟು ಸೋಮವಾರವನ್ನು ಅವರ ಹೆಸರಿಗೇ ಬರೆಯಬಹುದು, ಹೇಗೂ ಯಾರೂ ಬಳಸುವುದಿಲ್ಲವಲ್ಲ ಎಂದರು. ಎಲ್ಲರೂ ಬಸಂತರಾಯರ ಮುಖ ನೋಡಿದರು.

“ಸೋಮಾರ ಬರೀಬ್ಯಾಡ್ರಿ,” ಎಂದರು ಅವರು.

“ನಂಬರ ಕೊಡ್ರಿ, ನನ್ನ ತಕರಾರಿಲ್ಲ. ನನಗ ನನ್ನ ಮಂಗಳಾರ ಮುಂಜಾನೆ ಸಿಗಬೇಕು, ಅಷ್ಟ. ಆದರ ಸೋಮಾರ ಬಸವಣ್ಣಂದು. ಬಿಟ್ಟದ್ದು ಬ್ಯಾರೆ, ಬರಕೊಡೂದು ಬ್ಯಾರೆ. ಬಸವಣ್ಣನ ದಿನಾ ಒಬ್ಬರ ಹೆಸರಿಗಿ ಹಚ್ಚಾಕ ನಾ ಯಾರು, ನೀವ ಯಾರು? ಬ್ಯಾರೆ ವಾರ ಹುಡುಕ್ರಿ.”

ಬೇರೆ ವಾರ ಖಾಲಿ ಎಲ್ಲಿದೆ? ಹದಿನೆಂಟು ತೂಬು ಆರೂ ದಿನಗಳನ್ನು ಹಂಚಿಕೊಂಡಿವೆ. ನಾನು ಕೂತು ಟೈಪ್ ಮಾಡಿದೆ. ತೂಬು ಹತ್ತೊಂಬತ್ತು, ಅರವತ್ತೆರಡು ಎಕರೆ, ಸೋಮವಾರ ಬಿಟ್ಟು. ಗುಂಡಿ ಒತ್ತಿದೆ. ಗೋಡೆಯ ಮೇಲೆ ಹದಿನೆಂಟೂ ಸಾಲುಗಳು ಒಮ್ಮೆಲೇ ಕದಲಿದವು, ಪ್ರತಿ ಸಾಲೂ ಹದಿನೇಳು ನಿಮಿಷ ಕುಗ್ಗಿತು. ಕೆಳಗೆ ಹೊಸ ಸಾಲು ಬಂತು: ಗುರುವಾರ, ಬೆಳಿಗ್ಗೆ ಆರರಿಂದ ಹನ್ನೊಂದು ಗಂಟೆ ಆರು ನಿಮಿಷ.

ನಾನೇ ಬರೆದ ಪ್ರೋಗ್ರಾಂ ಇದು. ಆದರೂ ಕೂದಲು ನಿಮಿರಿ ನಿಂತಿತು. ಎಲ್ಲರೂ ಒಂದಿಷ್ಟು ಸರಿದು ಕೂತು ಒಬ್ಬರಿಗೆ ಜಾಗ ಮಾಡಿಕೊಟ್ಟ ಹಾಗೆ ಇತ್ತು.

“ಹದಿನೇಳ ನಿಮಿಷೇನು? ಪೂಜಿ ಮಾಡೂ ಹೊತ್ತು,” ಎಂದು ಬಸಂತರಾಯರು ಠರಾವಿಗೆ ರುಜು ಹಾಕಿದರು. ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು, ಇಬ್ಬರು ಗೊಣಗಿಕೊಂಡು. ಆಮೇಲೆ ಸಾಹೇಬರು ಹೊಸ ತೂಬಿನವರು ಯಾರು ಎಂದು ಕೇಳಿದಾಗ ಹಣಮಂತ್ರಾಯ ಕಾಕಾ ಗಟ್ಟಿಯಾಗಿ ಕೂಗಿದರು, “ಹುಲಿಗೆವ್ವಾ!”

ಆಯಿ ಬಾಗಿಲಿನಿಂದ ಮೇಜಿನವರೆಗೆ ನಡೆದು ಬಂದಳು. ತನ್ನ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿದಳು.

೩ ಜನವರಿ ೨೦೦೬, ಮಂಗಳವಾರ

ಆದೇಶ ಕೈಗೆ ಬಂತು. ಗುರುವಾರದಿಂದ ಜಾರಿ, ಮಂಗಳವಾರಕ್ಕೆ ಕಾಲುವೆ ತುಂಬಿರಲೆಂದು ಸೋಮವಾರದ ಬಂದ್ ರದ್ದು. ಹಣಮಂತ್ರಾಯ ಕಾಕಾನಿಗೆ ಬರೀ ಎಚ್ಚರಿಕೆ ಪತ್ರ ಕೊಟ್ಟಿದ್ದಾರೆ, ನೌಕರಿ ಉಳಿಯಿತು. ಅದನ್ನು ಮಡಿಚಿ ಪೇಟದೊಳಗೆ ಇಟ್ಟುಕೊಂಡು ಊರೆಲ್ಲ ತೋರಿಸುತ್ತಿದ್ದಾರೆ. ಐದು ಕಾಲುವೆಗಳ ತುದಿಯವರೆಗೂ ನಡೆದು ನೋಡಿದ ಮೇಲೆಯೇ ಒಪ್ಪಿಗೆ ಎಂದು ಸಾಹೇಬರು ಬರೆದಿದ್ದಾರೆ, ಹಾಗಾಗಿ ಎರಡು ತಿಂಗಳು ತಡ. ಅರವತ್ತು ಹುಡುಗರ ಆರ್ಡರ್ ಕೂಡ ಎರಡು ತಿಂಗಳು ಮುಂದಕ್ಕೆ ಹೋಗಿದೆ. ಟೀಂ ಲೀಡ್ ನಾನಲ್ಲ, ಆಫೀಸಿನ ಸುಭಾಸ ಆದನಂತೆ. ಕಾಲುವೆ ನಡೆಯುವ ಕೆಲಸ ನನಗೇ ಇರಲಿ ಎಂದು ಚೇತನಕುಮಾರ ಸರ್‌ಗೆ ಬರೆದಿದ್ದೇನೆ. ಹಣಮಂತ್ರಾಯ ಕಾಕಾ ಕಡ್ಡಿ ಎಸೆದು ಅಳೆಯುವುದನ್ನು ಹೇಳಿಕೊಡುತ್ತಾರಂತೆ.

೫ ಜನವರಿ, ಗುರುವಾರ

ಆರು ಗಂಟೆಗೆ ಬಂತು. ಮೂವತ್ತನಾಲ್ಕು ಮನೆಯವರೂ ದಂಡೆಯ ಮೇಲೆ ನಿಂತಿದ್ದರು. ಮೊದಲು ಒಣಎಲೆ, ಆಮೇಲೆ ನೊರೆ, ಆಮೇಲೆ ನೀರು. ಬಿರುಕು ಬಿಟ್ಟ ನೆಲ ಕುಡಿಯುವ ಸದ್ದು ಕೇಳಿಸುತ್ತಿತ್ತು.

ಅರ್ಧ ಜೋಳ ಹೋಗಿದೆ, ಅದು ಇನ್ನು ಬರುವುದಿಲ್ಲ. ಉಳಿದರ್ಧ ಬದುಕುತ್ತದೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

೯ ಜನವರಿ, ಸೋಮವಾರ

ಹುಬ್ಬಳ್ಳಿಗೆ ಹೋಗಲಿಲ್ಲ. ಬೆಳಿಗ್ಗೆ ತುದಿಗೆ ಹೋದೆ. ಮೇಲಿನವರೆಲ್ಲ ಎಂದಿನಂತೆ ತೂಬು ಮುಚ್ಚಿದ್ದರಿಂದ ಕಾಲುವೆ ತುಂಬಿ ಬರುತ್ತಿತ್ತು. ನೋಡಿದರೆ ಹತ್ತೊಂಬತ್ತನೇ ತೂಬಿನ ಬಾಗಿಲೂ ಕೆಳಗಿಳಿದಿದೆ! ಅಷ್ಟೂ ನೀರು ಹೊಲ ದಾಟಿ ಹಳ್ಳಕ್ಕೆ ಹೋಗುತ್ತಿತ್ತು. ಹಳ್ಳದ ಎರಡೂ ದಂಡೆಯ ಮೇಲೆ ಯಾವುದೋ ಊರಿನ ಕುರಿಹಿಂಡು ಬಾಯಿ ಹಚ್ಚಿ ಕುಡಿಯುತ್ತಿತ್ತು.

ಆಯಿ ಕಾಲುವೆಯ ಅಂಚಿನ ಮೇಲೆ ಸುಮ್ಮನೆ ಕೂತಿದ್ದಳು. ಪಕ್ಕದಲ್ಲಿ ಇನ್ನೂ ನಾಲ್ಕೈದು ಹೆಂಗಸರು, ಎಲ್ಲರ ಕೈಯೂ ಖಾಲಿ. ನಾನು ಓಡಿಹೋದೆ.

“ಆಯಿ, ತೂಬ ಯಾಕ ಮುಚ್ಚೀರಿ? ನೀರ ಹೊಂಟೈತಿ!”

“ಹೋಗಲಿ ಬಿಡಬೇ. ಗುರುವಾರದ್ದು ಇನ್ನೂ ಹಸಿ ಐತಿ.”

“ಮುಂದ ಬೇಕಾದ್ರ?”

“ಬೇಕಾದಾಗ ನಮ್ಮ ಪಾಳಿ ಬರತೈತಲ್ಲ, ನೀನ ಬರದಿ.” ನೀರಿನ ಕಡೆ ಕೈ ತೋರಿಸಿ, “ಏಳ ವರ್ಷ ಮಂದಿ ಬಿಟ್ಟದ್ದ ಹಿಡದೇವಿ. ಬಿಡೂದಂದ್ರ ಹ್ಯಾಂಗಿರತೈತಿ ನೋಡೂಣಂತ ಒಂದ ಆಶಾ ಇತ್ತು,” ಎಂದಳು. “ಬಿಡಾಕ ನಮ್ಮದಂತ ಒಂದ ಇರಬೇಕಲ್ಲವಾ.”

ನೀರಗಣಕ ಇದನ್ನು ವ್ಯರ್ಥ ಎನ್ನುತ್ತದೆ. ಅನ್ನಲಿ. ನಾನು ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲಿ ಕೂತೆ.